ಸೀರೆ ಮಡಚಿದ ನಮ್ಮ ಮಾವಯ್ಯ

ಹೋದ ವಾರ ನಮ್ಮೂರ ಶಾಲೆಯಲ್ಲಿ ಒಂದು ಭಾಷಣವಾಯಿತು. ಹಿಂದಿನ ಕಾಲದ ನಾಟಕಗಳ ಬಗ್ಗೆ ಮಾತಾಡಲು ಯಾರೋ ದೊಡ್ಡ ಮನುಷ್ಯರು ಬಂದಿದ್ದರು. ಚಳ್ಳಕೆರೆಯಲ್ಲಿ ಬೇಸಿಗೆಗೊಮ್ಮೆ ಹತ್ತು ದಿನ ನಡೆಯುತ್ತಿದ್ದ ಆಟಗಳನ್ನು ನೆನೆದು, ಒಬ್ಬ ಹೀಗೆ ಹಾಡುತ್ತಿದ್ದ, ಇನ್ನೊಬ್ಬ ಹೀಗೆ ಗದೆ ತಿರುಗಿಸುತ್ತಿದ್ದ ಎಂದು ಎಲ್ಲರನ್ನೂ ಹೊಗಳಿದರು. ಜನ ಆಕಳಿಸುವುದು ಕಂಡಿತೋ ಏನೋ, ಕೊನೆಗೆ ನಗಿಸಲಿಕ್ಕೆಂದು ಒಂದು ಕತೆ ತೆಗೆದರು. ಮೊಳಕಾಲ್ಮೂರಿನ ಒಬ್ಬ ನೇಕಾರ ತುಂಬಿದ ಸಭೆಯಲ್ಲಿ ರಾಣಿಯ ಸೀರೆ ಸೆಳೆಯಬೇಕಾದವನು, ಸೆಳೆಯುವುದು ಬಿಟ್ಟು ಮಡಚುತ್ತಾ ನಿಂತನಂತೆ. ಶಾಲೆಯೆಲ್ಲ ನಕ್ಕಿತು. ನಾನು ಹೆಂಗಸರ ಸಾಲಿನಿಂದ ಎದ್ದು ಮನೆಗೆ ಬಂದುಬಿಟ್ಟೆ.

ಆ ನೇಕಾರರು ನಮ್ಮ ಮಾವಯ್ಯ, ನನ್ನ ಗಂಡನ ತಂದೆ. ಭಾಷಣ ಮಾಡಿದವರು ಆವತ್ತು ಹುಟ್ಟಿದ್ದರೋ ಇಲ್ಲವೋ. ಕಣ್ಣಾರೆ ಕಂಡವರ ಹಾಗೆ ಕೈ ಕುಣಿಸಿ ತೋರಿಸಿದರಲ್ಲ, ಅದಕ್ಕೆ ನನ್ನ ಮೈ ಉರಿಯಿತು. ಸೀರೆ ಮಡಚುವುದು ಹೇಗೆಂದೂ ಅವರಿಗೆ ಗೊತ್ತಿಲ್ಲ. ಹಾಸಿಗೆ ಸುತ್ತಿದ ಹಾಗೆ ಸುತ್ತಿ ತೋರಿಸಿದರು. ನಲವತ್ತು ವರ್ಷ ಕೇಳಿ ಕೇಳಿ ಸಾಕಾಗಿದೆ. ನನಗೆ ಅಕ್ಷರ ಬರುತ್ತದೆ, ಕೈ ಇನ್ನೂ ನಡುಗುವುದಿಲ್ಲ, ಆದ್ದರಿಂದ ನಡೆದದ್ದನ್ನು ಬರೆದಿಡುತ್ತೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಹೆಸರು ಹಿಡಿದು ಬೈಯುವಷ್ಟು ಅವರೆಲ್ಲ ನನಗೆ ಬೇಕಾದವರೂ ಅಲ್ಲ.

ನನ್ನ ತವರು ರಾಯದುರ್ಗದ ಕಡೆ. ನಮ್ಮಪ್ಪ ನೇಯುತ್ತಲೇ ಆಟಗಳಿಗೆ ಹಾಡು ಹೇಳುತ್ತಿದ್ದವರು. ಗಂಡುಮಕ್ಕಳಿಲ್ಲದ ಕಾರಣ ನನಗೇ ಅಕ್ಷರ ಕಲಿಸಿ, ಕೈಬರಹದ ಆಟದ ಪುಸ್ತಕಗಳನ್ನು ಓದಿಸಿಕೊಳ್ಳುತ್ತಿದ್ದರು. ಮದುವೆಯಾಗಿ ಮೊಳಕಾಲ್ಮೂರಿಗೆ ಬಂದೆ. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ಮನೆಯೊಳಗಿನ ಇನ್ನೊಂದು ಕಟ್ಟಳೆಯೆಂದರೆ ಸೊಸೆಯಾದವಳು ಮಾವನ ಎದುರು ಮಾತಾಡುವ ಹಾಗಿಲ್ಲ. ಉಪ್ಪು ಮುಗಿದಿದೆ ಎಂದು ಹೇಳಬೇಕಾದರೂ ಅತ್ತೆಯ ಬಾಯಿಂದಲೇ ಹೇಳಿಸಬೇಕು. ಅವರು ಅಂಗಳಕ್ಕೆ ಬಂದರೆ ನಾನು ಅಡುಗೆಮನೆಗೆ.

ಆದರೆ ಮಗ್ಗಕ್ಕೆ ಆ ಕಟ್ಟಳೆ ಇರಲಿಲ್ಲ. ಸೀರೆಯ ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ ಕೂಡಿಸುವಾಗ ಮಗ್ಗಕ್ಕೆ ಇಬ್ಬರು ಬೇಕು. ನೇಯುವವರು ಗುಂಡಿಯಲ್ಲಿ ಕಾಲಿಟ್ಟು ಕೂತು ಒಡಲಿನ ಲಾಳಿ ಎಸೆದರೆ, ಪಕ್ಕದಲ್ಲಿ ಕೂತವರು ಅಂಚಿನ ಲಾಳಿ ತೂರಬೇಕು. ನನ್ನ ಗಂಡನಿಗೆ ಸೀರೆ ಗಂಟು ಹೊತ್ತು ಬಳ್ಳಾರಿ ತಿರುಗುವ ಕೆಲಸ. ಹಾಗಾಗಿ ಪಕ್ಕದಲ್ಲಿ ಕೂರುವವಳು ನಾನೇ. ಇಬ್ಬರ ಕಣ್ಣೂ ಎಳೆಗಳ ಮೇಲೆ. ಮುಖ ನೋಡದೆ ಮಾತಾಡಲಿಕ್ಕೆ ಮಗ್ಗದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಮಾವಯ್ಯನವರು ನಮ್ಮೂರ ನೇಕಾರರ ತಂಡದಲ್ಲಿ ದುಷ್ಟ ಪಾತ್ರ ಮಾಡುವವರು. ರಾಣಿಯ ಮುಡಿ ಹಿಡಿದು ಸಭೆಗೆ ಎಳೆದು ತಂದು ಸೀರೆ ಸೆಳೆಯುವ ಆ ಪಾಪಿಯ ಪಾತ್ರ ಏಳೆಂಟು ಬೇಸಿಗೆಯಿಂದ ಅವರದೇ. ಆದರೆ ಓದು ಬಾರದು. ಇಷ್ಟು ವರ್ಷ ಯಾರ ಯಾರನ್ನೋ ಕಾಡಿ ಬೇಡಿ ಮಾತು ಕಲಿಯುತ್ತಿದ್ದರಂತೆ. ನನಗೆ ಓದು ಬರುತ್ತದೆಂದು ಗೊತ್ತಾದ ಮೇಲೆ ಅತ್ತೆಯ ಮೂಲಕ ಪುಸ್ತಕ ಒಳಗೆ ಬಂತು. ಮಧ್ಯಾಹ್ನ ಓದಿ ಬಾಯಿಪಾಠ ಮಾಡಿಕೊಂಡು, ಮಗ್ಗಕ್ಕೆ ಕೂತಾಗ ಅವರ ಮಾತನ್ನು ಅವರಿಗೆ ಹೇಳಿಕೊಡುತ್ತಿದ್ದೆ. ಉಳಿದವರ ಮಾತೆಲ್ಲ ನನ್ನದು. ರಾಣಿಯೂ ನಾನೇ.

ಅತ್ತೆಗೆ ಇದು ದೊಡ್ಡ ತಮಾಷೆ. ಉಪ್ಪು ಕೇಳಲು ಬಾಯಿಲ್ಲದ ಸೊಸೆ ಮಗ್ಗದ ಮುಂದೆ ಕೂತು ಮಾವನನ್ನು ನೀಚ, ಪಾಪಿ, ಕುಲಗೇಡಿ ಎಂದು ಬೈಯುತ್ತಿದ್ದಾಳೆ, ಮಾವ ತಲೆಯಾಡಿಸಿ ಇನ್ನೊಂದು ಸಲ ಬೈಯಿ ಎನ್ನುತ್ತಿದ್ದಾರೆ. ಒಲೆಯ ಮುಂದೆ ಕೂತು ಆಕೆ ನಗುತ್ತಿದ್ದಳು.

ಅವರು ಒಂದು ಮಾತು ಹೇಳಿ ಲಾಳಿ ಎಸೆಯುತ್ತಿದ್ದರು, ನಾನು ಒಂದು ಮಾತು ಹೇಳಿ ತೂರುತ್ತಿದ್ದೆ. ಮಾತು ಲಾಳಿಯ ಜೊತೆ ಕಲಿತದ್ದು. ನನ್ನ ಮಾತು ಮುಗಿಯದೆ ಅವರ ಮಾತು ಹುಟ್ಟುತ್ತಿರಲಿಲ್ಲ. ಒಂದು ದಿನ ನಾನು ಮರೆತು ಸುಮ್ಮನೆ ಕೂತುಬಿಟ್ಟೆ. ಅವರು ಲಾಳಿಯನ್ನು ಕೈಯಲ್ಲೇ ಹಿಡಿದು ಕಾದರು. ಬೇರೆಯವರಾದರೆ ಏನೋ ಒಂದು ಸೇರಿಸಿ ಮುಂದೆ ಹೋಗುತ್ತಿದ್ದರು. ಇವರಿಗೆ ಅದು ಬರುತ್ತಿರಲಿಲ್ಲ. ಒಂದು ಎಳೆ ತಪ್ಪಿದರೆ ಮುಂದಿನದನ್ನು ಕೂಡಿಸದ ಕೈ ಅದು.

ಸೀರೆ ಸೆಳೆಯುವ ದೃಶ್ಯದ ಕೊನೆಗೆ ರಾಣಿಗೆ ಒಂದು ಮಾತಿತ್ತು. "ಎಳೆಯೋ ಪಾಪಿ. ನಿನ್ನ ತೋಳು ಸೋಲುವವರೆಗೂ ಎಳೆ. ನನ್ನ ಸೆರಗಿನ ತುದಿ ನಿನಗೆ ಸಿಗುವುದಿಲ್ಲ." ಅದನ್ನು ಕೇಳಿದ ಮೇಲೆಯೇ ದುಷ್ಟನ ಕೈ ಸೋಲಬೇಕು, ಅವನು ತತ್ತರಿಸಿ ನೆಲಕ್ಕೆ ಬೀಳಬೇಕು. ಆ ಬೀಳುವುದನ್ನು ನೋಡಲಿಕ್ಕೇ ಜನ ಬರುತ್ತಿದ್ದರು. ಮಾವಯ್ಯ ಬುಡ ಕಡಿದ ಮರದ ಹಾಗೆ ನೆಟ್ಟಗೆ ಬೀಳುತ್ತಿದ್ದರು, ಬಿದ್ದ ಮೇಲೆ ಉಸಿರಾಡುವುದೂ ಕಾಣುತ್ತಿರಲಿಲ್ಲ. ಮನೆಯಲ್ಲಿ ಬೀಳಲು ಜಾಗವಿಲ್ಲದ್ದಕ್ಕೆ, ನಾನು ಆ ಮಾತು ಹೇಳಿದಾಗ ಮಗ್ಗದ ಮೇಲೆ ಒಮ್ಮೆ ತಲೆ ಬಗ್ಗಿಸಿ ಮುಗಿಸುತ್ತಿದ್ದರು. ಆ ಮಾತನ್ನು ನಾನು ಎಷ್ಟು ನೂರು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಚಳ್ಳಕೆರೆಯ ಆ ಬೇಸಿಗೆ ಆಟಗಳಲ್ಲಿ ನನಗೆ ಮೆಚ್ಚಿನವರು ಬೇರೆಯೂ ಇದ್ದರು, ಸುಳ್ಳು ಯಾಕೆ ಹೇಳಲಿ. ಸಿದ್ದಾಪುರದಿಂದ ಬರುತ್ತಿದ್ದ ಗದೆಯವನು ಬ್ರಹ್ಮಗಿರಿಯ ಬಂಡೆಗಳನ್ನು ಹತ್ತಿ ಇಳಿದು ಬೆಳೆದ ಆಳು, ಅವನು ಕಾಲು ಅಪ್ಪಳಿಸಿದರೆ ನಮ್ಮ ಕಂಬಳಿಯ ಕೆಳಗೆ ನೆಲ ಅಲುಗಾಡುತ್ತಿತ್ತು. ದಾಳ ಉರುಳಿಸುವ ಪಾತ್ರದ ಮುದುಕ ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಲ್ಲೇ ನಗುತ್ತಿದ್ದ. ಇವರೆಲ್ಲರಿಗಿಂತ ಹೆಚ್ಚಾಗಿ ನಾಟಕ ಕಂಪನಿಯ ಒಬ್ಬ ನಟ. ದೊಡ್ಡ ಊರಿನ ಕಂಪನಿಯಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದವನು, ಮೂರು ಬೇಸಿಗೆ ಅವನನ್ನು ನೋಡಿದ್ದೆ. ಅವನು ತಲೆಯೆತ್ತದೆ ಬರೀ ಕಣ್ಣೆತ್ತಿ ನೋಡುವುದು, ನೆರಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಹೆಜ್ಜೆ ಇಡುವುದು, ನಮ್ಮೂರ ಹೆಂಗಸರು ನೀರಿಗೆ ಹೋಗುವಾಗಲೂ ಅದನ್ನೇ ಮಾಡುತ್ತಿದ್ದರು. ನಾನೂ ಮಾಡುತ್ತಿದ್ದೆ. ಹುಟ್ಟಾ ಹೆಂಗಸರು ಒಬ್ಬ ಗಂಡಸನ್ನು ನೋಡಿ ನಡೆಯುವುದು ಕಲಿತೆವು.

ಆ ವರ್ಷ ಆಟಗಳ ಯಜಮಾನಿಕೆ ವಹಿಸಿದ್ದವರು ಚಳ್ಳಕೆರೆಯ ಒಬ್ಬ ಜವಳಿ ಸಾಹುಕಾರರು. ನಮ್ಮ ಓಣಿಯ ಹೆಚ್ಚಿನ ಸೀರೆಗಳು ಅವರ ಅಂಗಡಿಗೇ ಹೋಗುತ್ತಿದ್ದವು. ಅವರಿಗೆ ಎರಡು ದೊಡ್ಡ ಬುದ್ಧಿ ಹೊಳೆದವು. ನಮ್ಮ ತಂಡದಲ್ಲಿ ರಾಣಿಯಾಗುತ್ತಿದ್ದ ಹುಡುಗನನ್ನು ಬಿಡಿಸಿ ಕಂಪನಿಯ ನಟನನ್ನು ಹಾಕುವುದು ಒಂದು. ಎರಡನೆಯದು, ಸೆಳೆಯಲು ಹರುಕು ಮುರುಕು ನೂಲಿನ ಬಟ್ಟೆ ಬೇಡ, ಮೊಳಕಾಲ್ಮೂರಿನ ಏಳು ಮಗ್ಗದಿಂದ ಏಳು ಹೊಸ ರೇಷ್ಮೆ ಸೀರೆ ಬರಲಿ, ಅವುಗಳ ಜರಿ ದೀಪದ ಬೆಳಕಿಗೆ ಹೊಳೆಯುವುದನ್ನು ಊರೆಲ್ಲ ನೋಡಲಿ, ಮರುದಿನ ಅಂಗಡಿಗೆ ಬರಲಿ. ಆಟ ಆಡುವವರು ನಾವು, ಸೀರೆ ನಮ್ಮದು, ಡಂಗುರ ಅವರ ಅಂಗಡಿಗೆ.

ಇಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಆದರೆ ಸಾಹುಕಾರರು ಇನ್ನೊಂದು ಮಾತು ಕಟ್ಟಿದರು. ಯಾವ ಸೀರೆಗೆ ಮಣ್ಣು ತಾಗಿತೋ ಆ ಸೀರೆ ನೇಯ್ದವರ ಮನೆಗೇ ವಾಪಸ್. ಎರಡು ಮೂರು ವಾರ ಇಬ್ಬರು ಕೂತು ಎಳೆ ಎಳೆಯಾಗಿ ನೇಯ್ದದ್ದು ಕೊಳ್ಳುವವರಿಲ್ಲದೆ ಮೂಲೆ ಸೇರುತ್ತದೆ ಎಂದರ್ಥ. ಏಳು ಮನೆಯ ಹೆಂಗಸರೂ ನಮ್ಮ ಬಾಗಿಲಿಗೆ ಬಂದರು. ಮಾವಯ್ಯನವರು ಜಗಲಿಯ ಮೇಲೆ ನಿಂತು, ಮಣ್ಣು ತಾಗಗೊಡುವುದಿಲ್ಲ ಎಂದು ಮಾತು ಕೊಟ್ಟರು. ರಂಗದ ಮೇಲೆ ದಪ್ಪ ಜಮಖಾನ ಹಾಸಿಸುತ್ತೇನೆ, ಸೀರೆ ಬಿದ್ದರೆ ಅದರ ಮೇಲೆಯೇ ಬೀಳುತ್ತದೆ ಎಂದು ಸಾಹುಕಾರರಿಂದ ಒಪ್ಪಿಸಿಕೊಂಡೂ ಬಂದರು. ರೇಷ್ಮೆ ನಲುಗದ ಹಾಗೆ ಸೀರೆಯಿಂದ ಸೀರೆಗೆ ಸಡಿಲು ಗಂಟು ಹಾಕಿದವರೂ ಅವರೇ. ನಾಲ್ಕನೆಯ ಸೀರೆ ನಮ್ಮದು, ಕೆಂಪು ಒಡಲು, ಕಪ್ಪು ಅಂಚಿನಲ್ಲಿ ಗಿಳಿಗಳು. ಅದರ ಅಂಚು ನಾನು ತೂರಿದ್ದು.

ಗಾಡಿ ಕಟ್ಟಿಕೊಂಡು ಹೊರಟೆವು. ತಳಕಿನ ಹತ್ತಿರ ಎತ್ತು ಬಿಚ್ಚಿ ಒಂದು ದಿನ ತಂಗಿ, ಮರುದಿನ ಚಳ್ಳಕೆರೆ ಸೇರಿದೆವು. ಈಚಲ ಗರಿಯ ದೊಡ್ಡ ಚಪ್ಪರ, ಎದುರಿಗೆ ಮಣ್ಣು ಏರಿಸಿ ಮಾಡಿದ ರಂಗ. ಒಂದು ಪಕ್ಕಕ್ಕೆ ಬಿದಿರು ತಟ್ಟಿ ಕಟ್ಟಿ ಹೆಂಗಸರಿಗೆ ಜಾಗ ಮಾಡಿದ್ದರು. ನಾನೂ ಅತ್ತೆಯೂ ಬೇಗ ಹೋಗಿ ತಟ್ಟಿಯ ಮುಂದೆಯೇ ಕಂಬಳಿ ಹಾಸಿ ಕೂತೆವು. ತಟ್ಟಿಯ ಸಂದಿನಿಂದ ರಂಗ ಮೂರೇ ಮಾರಿನಲ್ಲಿತ್ತು, ಅದರ ದೀಪದ ಬೆಳಕು ನಮ್ಮ ಮುಖಕ್ಕೂ ಬೀಳುತ್ತಿತ್ತು.

ಆವತ್ತು ಮಾವಯ್ಯ ಆಡಿದ್ದನ್ನು ಭಾಷಣದವರು ಹೇಳಲೇ ಇಲ್ಲ. ಮೀಸೆ ತಿರುವಿಕೊಂಡು ಅವರು ಒಳಗೆ ಬಂದಾಗ ಮುಂದಿನ ಸಾಲಿನ ಮಕ್ಕಳು ಹಿಂದಕ್ಕೆ ಜರುಗಿದವು. ರಾಣಿಯ ಮುಡಿಗೆ ಕೈ ಹಾಕಿದಾಗ ನನ್ನ ಪಕ್ಕ ಕೂತಿದ್ದ ಗೌರಸಮುದ್ರದ ಮುದುಕಿಯೊಬ್ಬಳು ನಿನ್ನ ಕೈ ಸೇದಿಹೋಗ ಎಂದು ಶಪಿಸಿದಳು. ದುಷ್ಟ ಪಾತ್ರದವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ? ಅತ್ತೆ ಹೆಮ್ಮೆಯಿಂದ ನನ್ನ ತೊಡೆ ಚಿವುಟಿದಳು. ಮನೆಯಲ್ಲಿ ನೂಲು ತುಳಿದರೆ ಕಣ್ಣಿಗೊತ್ತಿಕೊಳ್ಳುವ ಮನುಷ್ಯ ಇವರೇನಾ ಎಂದು ನನಗೇ ಅನುಮಾನ ಬಂತು.

ಅದಕ್ಕೆ ಮೊದಲು ಗದೆಯವನು ಕುಣಿದದ್ದರಿಂದ ಜಮಖಾನದ ಸುತ್ತ ರಂಗದ ಧೂಳೆಲ್ಲ ಎದ್ದಿತ್ತು. ಮುಂದೆ ಕುರ್ಚಿಯಲ್ಲಿ ಸಾಹುಕಾರರು ಮೂಗಿಗೆ ವಸ್ತ್ರ ಹಿಡಿದು ಕೂತಿದ್ದರು. ಮುಡಿ ಹಿಡಿದೆಳೆಯುವ ದೃಶ್ಯ ಮುಗಿದು ಪರದೆ ಬಿದ್ದ ಗಳಿಗೆಯಲ್ಲಿ ಅವರು ಸನ್ನೆ ಮಾಡಿ ರಂಗಕ್ಕೆ ನಾಲ್ಕು ಕೊಡ ನೀರು ಸುರಿಸಿದರು. ಮತ್ತೆ ಪರದೆ ಎದ್ದಾಗ ನೋಡುತ್ತೇನೆ, ಜಮಖಾನ ಇಲ್ಲ. ಹೊತ್ತು ಮೀರಿ ಬಂದ ಯಾರೋ ಅಧಿಕಾರಿಯ ಮನೆಯವರಿಗೆ ಕೂರಲೆಂದು ಸಾಹುಕಾರರೇ ಅದನ್ನು ಎತ್ತಿಸಿ ಕುರ್ಚಿಗಳ ಪಕ್ಕದಲ್ಲಿ ಹಾಸಿಸಿಬಿಟ್ಟಿದ್ದರು. ರಂಗ ಎಂದರೆ ಕೆಂಪು ಕೆಸರು.

ಮಾವಯ್ಯ ಮೊದಲ ಸೀರೆಯನ್ನು ರಭಸದಿಂದಲೇ ಸೆಳೆದರು. ರಾಣಿ ಗಿರಗಿರ ತಿರುಗಿದಳು, ಹಿಂದಿನ ಪರದೆಯ ಸೀಳಿನಿಂದ ಸೀರೆಯ ಮೇಲೆ ಸೀರೆ ಬಂತು, ಜನ ಓ ಎಂದರು. ಸೆರಗಿನ ತುದಿ ನೆಲ ಮುಟ್ಟುವುದರಲ್ಲಿತ್ತು. ಅವರ ಕಣ್ಣು ಕೆಳಗೆ ಹೋದದ್ದು ನನಗೆ ಕಾಣಿಸಿತು. ಜಮಖಾನವಿದ್ದ ಜಾಗ ನೋಡಿದರು, ಕೆಸರು ನೋಡಿದರು. ತಕ್ಷಣ ಎಡಗೈ ಮುಂದೆ ಬಂತು, ಸೀರೆ ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಅಂಗೈಗೆ ಮಡಿಕೆ ಮಡಿಕೆಯಾಗಿ ಕೂರತೊಡಗಿತು. ಬಲಗೈ ಸೆಳೆಯುತ್ತಿತ್ತು, ಎಡಗೈ ಮಡಚುತ್ತಿತ್ತು, ಬಾಯಿ ಗರ್ಜಿಸುತ್ತಿತ್ತು. ಕೈಗೆ ರೂಢಿ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ರೂಢಿಗೆ ಮಡಚಿದ್ದಲ್ಲ. ಏಳು ಮನೆಗೆ ಕೊಟ್ಟ ಮಾತಿಗೆ ಮಡಚಿದರು.

ಮೊದಲು ನಕ್ಕವರು ಸಾಹುಕಾರರೇ. ನೀರು ಸುರಿಸಿದವರು, ಜಮಖಾನ ಎತ್ತಿಸಿದವರು, ಮಣ್ಣು ತಾಗಿದರೆ ವಾಪಸ್ ಎಂದವರು, ಕುರ್ಚಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರು ನಕ್ಕ ಮೇಲೆ ಉಳಿದವರಿಗೆ ಇನ್ನೇನು? ಕುದಾಪುರದ ಕಾವಲಿನಿಂದ ಬಂದಿದ್ದ ದನಗಾಹಿಗಳು ಶಿಳ್ಳೆ ಹಾಕಿದರು. ಯಾವನೋ ನಮ್ಮನೇದೂ ಮಡಚ್ಕೊಡೋ ಲೇ ಎಂದು ಕೂಗಿದ.

ಆಗಲೂ ಕೆಟ್ಟಿರಲಿಲ್ಲ. ಏಳನೆಯ ಸೀರೆ ಬಂದಿತ್ತು. ರಾಣಿ ತನ್ನ ಆ ಒಂದು ಮಾತು ಹೇಳಿದರೆ ಸಾಕು, ಮಾವಯ್ಯ ತೋಳಿನ ಮೇಲಿನ ಸೀರೆಗಳನ್ನು ಎದೆಗವಚಿಕೊಂಡೇ ಬೆನ್ನ ಮೇಲೆ ಬಿದ್ದುಬಿಡುತ್ತಿದ್ದರು. ಬಿದ್ದ ಮೇಲೆ ಯಾರೂ ನಗುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ನನ್ನ ಮೆಚ್ಚಿನ ನಟ ಆ ಮಾತು ಹೇಳಲಿಲ್ಲ. ಜನ ಯಾವ ಕಡೆ ಎಂದು ನೋಡಿದ. ಕಣ್ಣೀರು ಒರೆಸುವ ಹಾಗೆ ಸೆರಗಿನ ತುದಿ ಎತ್ತಿ, ಕುರ್ಚಿಗಳ ಕಡೆ ತಿರುಗಿ, "ನೋಡ್ರಪ್ಪಾ, ನನ್ನ ಮಾನ ಕಳೆಯಾಕೆ ಬಂದೋನು ಜವಳಿ ಅಂಗಡಿ ಇಡ್ತಾನಂತೆ" ಎಂದ. ಚಪ್ಪರ ಹಾರಿಹೋಗುವಷ್ಟು ನಗು ಎದ್ದಿತು. ರಾಣಿಯ ಮಾನ, ಆಟದ ಮಾನ, ಮನುಷ್ಯನ ಮಾನ ಮೂರನ್ನೂ ಒಂದು ಚಪ್ಪಾಳೆಗೆ ಮಾರಿದ.

ಮಾವಯ್ಯ ನಿಂತೇ ಇದ್ದರು. ಬೇರೆ ಮಾತು ಹುಟ್ಟಿಸಲು ಬಾರದ ಮನುಷ್ಯ, ತಾನು ಬೀಳಬೇಕಾದ ಆ ಮಾತು ಬರಲೆಂದು ಕಾಯುತ್ತಾ ನಿಂತರು. ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದೆ. ಅತ್ತೆ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದಳು. ಪರದೆಯವನಿಗೆ ಎಷ್ಟು ಹೊತ್ತಿಗೆ ಕರುಣೆ ಬಂತೋ, ಪರದೆ ಇಳಿಸಿದ. ಅಲ್ಲಿಯವರೆಗೂ ಅವರು ಬೀಳಲಿಲ್ಲ.

ಆಟ ಮುಗಿದ ಮೇಲೆ ಸಾಹುಕಾರರು ನಟನಿಗೆ ಶಾಲು ಹೊದಿಸಿದರು. ಏಳು ಸೀರೆಗಳನ್ನೂ ದೀಪದ ಕೆಳಗೆ ಬಿಚ್ಚಿ ಬಿಚ್ಚಿ ನೋಡಿದರು, ಒಂದು ಚುಕ್ಕೆ ಮಣ್ಣಿಲ್ಲ. ಚೆನ್ನಾಗಿ ಮಡಚಿದ್ದೀಯಪ್ಪಾ ಎಂದು ಮಾವಯ್ಯನ ಬೆನ್ನು ತಟ್ಟಿ ಇನ್ನೊಮ್ಮೆ ನಕ್ಕರು. ಮರುದಿನ ಅಂಗಡಿಯ ಮುಂದೆ, ರಾಣಿ ಉಟ್ಟ ಸೀರೆ ಎಂದು ಆ ಏಳನ್ನೂ ನೇತುಹಾಕಿದ್ದರು. ನಮ್ಮ ಗಾಡಿ ಅದರ ಮುಂದೆಯೇ ಹಾದು ಬರಬೇಕಾಗಿತ್ತು. ಗಿಳಿ ಅಂಚಿನದನ್ನು ನೋಡಿ ಅತ್ತೆ ಉಗಿದಳು.

ಏಳು ಮನೆಯವರಾದರೂ ಅವರ ಪರ ನಿಂತರೇ? ಸೀರೆ ಉಳಿಯಿತು ಎಂದು ಒಳಗೊಳಗೆ ಸಮಾಧಾನಪಟ್ಟುಕೊಂಡು, ಓಣಿಯಲ್ಲಿ ಎಲ್ಲರ ಜೊತೆ ಸೇರಿ ನಕ್ಕರು. ಯಾವ ಕೈ ತಮ್ಮ ಮಗ್ಗದ ಮರ್ಯಾದೆ ಉಳಿಸಿತೋ ಆ ಕೈಯನ್ನೇ ಆಡಿಕೊಂಡರು. ಯುಗಾದಿ ಕಳೆದು ಮುಂದಿನ ಬೇಸಿಗೆಯ ಮಾತು ಬಂದಾಗ ತಂಡದ ಹಿರಿಯರು ಜಗಲಿಗೆ ಬಂದು, ವಯಸ್ಸಾಯ್ತಲ್ಲ, ಈ ಸಲ ಹುಡುಗರು ಮಾಡಲಿ ಎಂದರು. ಮಾವಯ್ಯನಿಗೆ ಆಗ ಐವತ್ತೂ ಆಗಿರಲಿಲ್ಲ. ಅವರು ಒಳಗೆ ಹೋಗಿ ಪುಸ್ತಕ ತಂದು ಕೊಟ್ಟರು. ಅದರಲ್ಲಿ ಅರ್ಧ ಹಾಳೆ ನಾನು ನಕಲು ಮಾಡಿ ಹೊಲಿದದ್ದು. ಆಮೇಲೆ ಹದಿನೈದು ವರ್ಷ ಬದುಕಿದ್ದರು, ಒಂದು ದಿನವೂ ಬಣ್ಣ ಹಚ್ಚಲಿಲ್ಲ. ಅವರು ತೀರಿಕೊಂಡಾಗ ಚಟ್ಟ ಕಟ್ಟುತ್ತಿದ್ದವರಲ್ಲೊಬ್ಬ ಹೊದಿಕೆ ಮಡಚುತ್ತಾ ಅದೇ ತಮಾಷೆ ಮಾಡಿದ. ನಾನು ಒಳಗಿನಿಂದ ಬಂದು ಎಲ್ಲರೆದುರು ಅವನಿಗೆ ಬೈದೆ. ಅಂಥ ಬೈಗುಳ ಯಾವ ರಾಣಿಯೂ ಬೈದಿರಲಾರಳು.

ಇಷ್ಟನ್ನೂ ನಾನು ಯಾರು ಕೇಳಿದರೂ ಹೇಳುತ್ತಾ ಬಂದಿದ್ದೇನೆ. ಸಾಹುಕಾರರು, ನಟ, ಏಳು ಮನೆಯವರು, ತಂಡದ ಹಿರಿಯರು, ಈಗ ಈ ಭಾಷಣದವರು. ಒಬ್ಬರನ್ನೂ ಬಿಟ್ಟಿಲ್ಲ. ಇಲ್ಲಿಯವರೆಗೆ ಯಾರಿಗೂ ಹೇಳದ್ದು ಒಂದಿದೆ. ಬರೆಯಲು ಕೂತ ಮೇಲೆ ಅದನ್ನು ಬಚ್ಚಿಟ್ಟರೆ ನಾನೂ ಆ ಭಾಷಣದವರ ಹಾಗೆಯೇ ಆಗುತ್ತೇನೆ.

ಚಳ್ಳಕೆರೆಯಿಂದ ಬಂದ ಮೇಲೆ ನಾವಿಬ್ಬರೂ ಮತ್ತೆ ಮಗ್ಗಕ್ಕೆ ಕೂತೆವು. ಲಾಳಿಯ ಸದ್ದು ಬಿಟ್ಟರೆ ಏನಿಲ್ಲ. ಒಂದು ವಾರ, ಎರಡು ವಾರ, ಒಂದೂ ಮಾತಿಲ್ಲ. ಆ ಮೌನ ನನಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಅವರು ಲಾಳಿ ಎಸೆದ ಮೇಲೆ, ನನ್ನ ಲಾಳಿ ತೂರುತ್ತಾ, ಹಳೆಯ ರೂಢಿಯಲ್ಲೇ ಹೇಳಿಬಿಟ್ಟೆ. ಎಳೆಯೋ ಪಾಪಿ, ನಿನ್ನ ತೋಳು ಸೋಲುವವರೆಗೂ ಎಳೆ.

ಅವರ ಕೈ ನಿಂತಿತು. ತಲೆ ಬಗ್ಗಿಸುತ್ತಾರೆ ಎಂದುಕೊಂಡೆ, ಬಗ್ಗಿಸಲಿಲ್ಲ. ಎಳೆಗಳನ್ನೇ ನೋಡುತ್ತಾ ಕೇಳಿದರು.

"ಏಮಮ್ಮಾ, ಈ ಮಾತು ಆವತ್ತು ಯಾಕೆ ಅನ್ಲಿಲ್ಲ ನೀನು? ತಟ್ಟಿ ಸಂದಿನಾಗೆ ನಿನ್ನ ಮುಖ ಕಾಣ್ತಿತ್ತು. ಅವನು ಕೊಡ್ಲಿಲ್ಲ, ನೀನಾದ್ರೂ ಕೊಡ್ತೀಯ ಅಂತ ನಿನ್ನ ಕಡೇನೇ ನೋಡ್ಕಂಡು ನಿಂತಿದ್ದೆ."

ಸೊಸೆಯಾದವಳು ಅಷ್ಟು ಜನರ ನಡುವೆ ಹೇಗೆ ಬಾಯಿ ಬಿಡಲಿ ಎಂದು ಹೇಳಬಹುದಿತ್ತು. ಅವರು ಒಪ್ಪುತ್ತಿದ್ದರು, ಊರೂ ಒಪ್ಪುತ್ತಿತ್ತು. ಆದರೆ ಅದು ನಿಜವಲ್ಲ. ಆವತ್ತು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಅಳು ತಡೆಯಲಿಕ್ಕಲ್ಲ. ಜವಳಿ ಅಂಗಡಿಯ ಮಾತಿಗೆ ನನಗೂ ನಗು ಬಂದಿತ್ತು. ಏಳು ಮನೆಗೆ ಕೊಟ್ಟ ಮಾತು ಗೊತ್ತಿದ್ದವಳು, ಅವರು ಯಾತಕ್ಕೆ ಕಾಯುತ್ತಿದ್ದಾರೆಂದು ಆ ಚಪ್ಪರದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು, ಆ ನಟನ ಬಾಯಿಂದ ಬಂತೆಂಬ ಒಂದೇ ಕಾರಣಕ್ಕೆ ನಕ್ಕೆ.

ಮುಖ ಕಾಣುತ್ತಿತ್ತು ಎಂದರೆ ಅದೂ ಅವರಿಗೆ ಕಂಡಿರಬೇಕು. ಅದನ್ನು ಮಾತ್ರ ಅವರು ಕೇಳಲಿಲ್ಲ. ಅಂಚಿನ ಲಾಳಿ ತೂರಮ್ಮಾ ಎಂದು ಕೈಸನ್ನೆ ಮಾಡಿದರು. ತೂರಿದೆ.